ಕಣ್ಣಿಗೆ ಬೀಳದ ವಾಚ್‌ಮನ್

ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಹಳಿಯ ಪಕ್ಕಕ್ಕೇ ಒಂದು ಓಣಿ. ಓಣಿಯಲ್ಲಿ ಐದು ಮಹಡಿಯ ಒಂದು ಅಪಾರ್ಟ್‌ಮೆಂಟು, ಅದರ ಮಗ್ಗುಲಿಗೆ ಒಂದು ಖಾಲಿ ಪ್ಲಾಟು. ಆ ಪ್ಲಾಟಿಗೆ ಒಬ್ಬ ವಾಚ್‌ಮನ್ ಇದ್ದ. ಹೆಸರು ಸಂಗಣ್ಣ, ಶಹಾಪುರದ ಕಡೆಯವನು. ಈಗ ನೀವೇ ಹೇಳಿ, ಖಾಲಿ ಪ್ಲಾಟಿನ ವಾಚ್‌ಮನ್‌ಗೆ ಇರುವ ಕೆಲಸವಾದರೂ ಏನು? ಕಾಣಿಸಿಕೊಳ್ಳುವುದು. ಬಾಗಿಲ ಮುಂದೆ ಮಂಚ ಹಾಕಿಕೊಂಡು ಕೂತು, ಹೋಗಿಬರುವವರ ಮುಂದೆ ಒಮ್ಮೆ ಕೆಮ್ಮಿದರೂ ಸಾಕು, ಈ ಜಾಗಕ್ಕೆ ದಿಕ್ಕುದೆಸೆ ಇದೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಅಷ್ಟನ್ನೂ ಮಾಡದ ಈ ಮಹರಾಯ ಇಪ್ಪತ್ತು ವರ್ಷಕ್ಕೂ ಮೇಲೆ ಅಲ್ಲಿ ಯಾರ ಕಣ್ಣಿಗೂ ಬೀಳದೆ ಸಂಸಾರ ಮಾಡಿದ. ಹೇಳಿದರೆ ಯಾರೂ ನಂಬುವುದಿಲ್ಲ. ಯಾರೂ ನಂಬದೆ ಇದ್ದದ್ದರಿಂದಲೇ ಕೊನೆಗೆ ಅಷ್ಟೆಲ್ಲ ರಾದ್ಧಾಂತವಾಯಿತು.

ಇದಕ್ಕೆಲ್ಲ ಮೂಲ ಮೇಸ್ತ್ರಿ ಮಲ್ಲಪ್ಪ. ಕಟ್ಟಡದ ಕೆಲಸಕ್ಕೆಂದು ಸಂಗಣ್ಣನನ್ನು ಹೈದರಾಬಾದಿಗೆ ಕರೆತಂದ ಮೊದಲ ದಿನ, ಬಸ್ಸಿನಿಂದ ಇಳಿದ ಜಾಗದಲ್ಲೇ ಅವನು ಹೇಳಿದ್ದ: "ತಮ್ಮಾ, ಇದು ಪರ ಊರು. ಯಾರ ಕಣ್ಣಿಗೂ ಬೀಳಬ್ಯಾಡ. ಅಷ್ಟ ನೋಡ್ಕೋ."

ಈ ಮಾತು ನಮ್ಮ ಕಡೆ ಮನೆಮನೆಯಲ್ಲೂ ಉಂಟು. ಪ್ಯಾಟೆಗೆ ಹೊರಟ ಮಗಳಿಗೆ ಅವ್ವ ಹೇಳುತ್ತಾಳೆ, ಪೋಲಿ ಹುಡುಗರು ಕೂತ ಕಟ್ಟೆಯ ಕಡೆ ಹಾಯಬೇಡ ಅಂತ ಅದರ ಅರ್ಥ. ತಡವಾಗಿ ಬಂದ ಗೆಳೆಯನಿಗೆ ಗೆಳೆಯ ಹೇಳುತ್ತಾನೆ, ಸೂಪರ್‌ವೈಸರ್ ಆ ಕಡೆ ತಿರುಗಿದಾಗ ಮೆಲ್ಲಗೆ ಒಳಗೆ ನುಸುಳು ಅಂತ. ಬೀಗರ ನಡುವೆ ಜಗಳ ಹತ್ತಿದಾಗ ಮಾವ ಅಳಿಯನಿಗೆ ಹೇಳುತ್ತಾನೆ, ಎರಡು ದಿನ ಸುಮ್ಮನಿರು, ತಣ್ಣಗಾಗಲಿ ಅಂತ. ಎರಡು ದಿನ! ಕೇಳಿಸಿತೆ? ಈ ಮಾತಿಗೆ ಒಂದು ಅಳತೆ ಇರುತ್ತದೆ. ಕಣ್ಣಿಗೆ ಬೀಳಬೇಡ ಅಂತ ಯಾರೂ ಯಾರಿಗೂ ಜೀವಮಾನಕ್ಕೆ ಹೇಳುವುದಿಲ್ಲ. ಮಲ್ಲಪ್ಪ ಹೇಳಿದ್ದೂ ಕುಡಿದು ಗಲಾಟೆ ಮಾಡಿ ಪೊಲೀಸರ ಕೈಗೆ ಸಿಗಬೇಡ ಅನ್ನುವಷ್ಟಕ್ಕೇ. ಆದರೆ ನಮ್ಮ ಸಂಗಣ್ಣ ಅದನ್ನು ಲಿಂಗದ ಹಾಗೆ ಕೊರಳಿಗೆ ಕಟ್ಟಿಕೊಂಡ.

ಕಟ್ಟಿಕೊಳ್ಳಲು ಇನ್ನೊಂದು ಕಾರಣವೂ ಸಿಕ್ಕಿತು. ಅವನ ಜೊತೆ ವಿಠಲ ಅಂತ ಒಬ್ಬ ಗಾರೆ ಕೆಲಸದವನಿದ್ದ. ಒಂದು ದಿನ ಎಂಜಿನಿಯರ್ ಬಂದು ಗೋಡೆ ಸವರಿ ನೋಡಿ, "ಶಹಬಾಸ್! ಯಾರಪ್ಪ ಮಾಡಿದ್ದು ಇದನ್ನ?" ಅಂದ. ವಿಠಲ ಹಲ್ಲು ಕಿರಿದು ಮುಂದೆ ಬಂದ. ಅಷ್ಟೇ, ಅಂದಿನಿಂದ ಆ ಕಟ್ಟಡದ ಅಷ್ಟೂ ಪಾಯಿಖಾನೆಗಳ ಗೋಡೆ ಅವನ ಪಾಲಿಗೆ ಬಂತು. ಎರಡು ತಿಂಗಳು ವಿಠಲ ಪಾಯಿಖಾನೆಯಿಂದ ಹೊರಗೆ ಬರಲಿಲ್ಲ. ಊಟದ ಡಬ್ಬಿಯೂ ಅಲ್ಲಿಗೇ ಹೋಗುತ್ತಿತ್ತು. ಇದನ್ನು ಕಣ್ಣಾರೆ ಕಂಡ ಸಂಗಣ್ಣ ಮಲ್ಲಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದ.

ಆ ದಿನಗಳಲ್ಲೇ ಪ್ರಾಣೇಶರಾಯರು ಸಿಕ್ಕರು. ರಾಯಚೂರಿನವರು, ಕರೆಂಟಿನ ಇಲಾಖೆಯಲ್ಲಿ ಎಂಜಿನಿಯರು. ಕೂಕಟ್‌ಪಲ್ಲಿಯಲ್ಲಿ ಈ ಪ್ಲಾಟು ಕೊಂಡು ಮೂಲೆಯಲ್ಲೊಂದು ಖೋಲಿ ಕಟ್ಟಿಸಿದ್ದರು. ತಮ್ಮ ಕಡೆಯ ಮನುಷ್ಯ, ಬಾಯಿ ಬಡಕನಲ್ಲ, ಕುಡಿಯುವುದಿಲ್ಲ ಅಂತ ಕಂಡು ಸಂಗಣ್ಣನನ್ನೇ ವಾಚ್‌ಮನ್ ಮಾಡಿದರು. ಸಂಬಳವಿಲ್ಲ. ಇರುವುದಕ್ಕೆ ಖೋಲಿ, ನಳ, ಕರೆಂಟು. ಹಗಲು ಬೇರೆ ಎಲ್ಲಾದರೂ ದುಡಿದುಕೊಳ್ಳಬಹುದು. "ಒಂದೇ ಮಾತು ನೋಡು," ಅಂದಿದ್ದರು ರಾಯರು. "ಸಂಜೀಗೆ ದೀಪ ಹಚ್ಚಬೇಕು, ಹೊರಗ ಕೂಡಬೇಕು. ಇಲ್ಲಿ ಮಂದಿ ಅದಾರ ಅಂತ ಗೊತ್ತಾಗಬೇಕು."

"ಹೂಂನ್ರಿ," ಅಂದ ಸಂಗಣ್ಣ. ರಾಯರ ಆಟೊ ಓಣಿ ದಾಟುತ್ತಲೇ ದೀಪ ಆರಿಸಿ ಒಳಗೆ ಕೂತ.

ಅವನ ತರ್ಕ ಕೇಳಿ. ಕೂಕಟ್‌ಪಲ್ಲಿಯಂಥ ಕೂಕಟ್‌ಪಲ್ಲಿಯಲ್ಲಿ ಬಾಡಿಗೆಯಿಲ್ಲದ ಖೋಲಿ ಒಬ್ಬ ಕೂಲಿಯವನಿಗೆ ಸಿಕ್ಕಿದೆ ಅಂತ ಗೊತ್ತಾದರೆ ಮಂದಿ ಸುಮ್ಮನಿರುತ್ತಾರೆಯೇ? ನಾಳೆಯೇ ಯಾರೋ ರಾಯರ ಕಾಲಿಗೆ ಬಿದ್ದು ಅದನ್ನು ತಮ್ಮದು ಮಾಡಿಕೊಳ್ಳುತ್ತಾರೆ. ಸರ್ಕಾರದವರು ಬಂದು ಮೀಟರು ಅಂತಾರೆ, ಟ್ಯಾಕ್ಸು ಅಂತಾರೆ, ನೀನ್ಯಾರು ಅಂತಾರೆ. ಇದೊಂದು ಖೋಲಿ ಹೋದರೆ ಸನತ್‌ನಗರದ ಫ್ಯಾಕ್ಟರಿಯಲ್ಲಿ ಹೆಲ್ಪರ್ ಆಗಿ ದುಡಿಯುವ ಅವನಿಗೆ ಈ ಊರಿನಲ್ಲಿ ಕಾಲು ಚಾಚುವಷ್ಟೂ ಜಾಗ ಸಿಗುವುದಿಲ್ಲ. ಈ ಭಯ ಸುಳ್ಳೇನೂ ಅಲ್ಲ ಬಿಡಿ. ಭಯಕ್ಕೆ ಅವನು ಮಾಡಿಕೊಂಡ ಮದ್ದು ಮಾತ್ರ ದೇವರಿಗೇ ಪ್ರೀತಿ.

ಪ್ಲಾಟಿನ ತುಂಬ ಜಾಲಿ ಬೆಳೆಯಲು ಬಿಟ್ಟ. ಖೋಲಿ ಅದರ ಹಿಂದೆ ಅಡಗಿತು. ಮುಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಹಿಂದಿನ ಕಿಟಕಿಯ ಸರಳು ಕಿತ್ತು ಅದರಿಂದ ಒಳಗೆ ಹೊರಗೆ ಓಡಾಡತೊಡಗಿದ. ಬೀಗದ ಮೇಲೆ ಒಂದು ಜೇಡ ಬಲೆ ಕಟ್ಟಿತು. ಬಲೆ ಇದ್ದರೆ ಇಲ್ಲಿ ಯಾರೂ ಇಲ್ಲ ಅಂತ ಎಂಥ ದಡ್ಡನಿಗೂ ಗೊತ್ತಾಗುತ್ತದಲ್ಲ! ಸಂಗಣ್ಣ ಆ ಜೇಡನನ್ನು ಮನೆಮಗನ ಹಾಗೆ ನೋಡಿಕೊಂಡ. ಫ್ಯಾಕ್ಟರಿಯಲ್ಲಿ ಆಯುಧಪೂಜೆಯ ದಿನ ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವಾಗ, "ಕೊಡ್ರಿ, ನಾ ತೆಗೀತೀನಿ" ಅಂತ ಕ್ಯಾಮೆರಾ ಇಸಿದುಕೊಳ್ಳುತ್ತಿದ್ದ. ವರ್ಷವರ್ಷವೂ ಅವನೇ ತೆಗೆದ. ಒಂದರಲ್ಲೂ ಅವನಿಲ್ಲ.

ರಾಯರು ಮೊದಲ ವರ್ಷ ಒಮ್ಮೆ ಬಂದು ಹೋದವರು, ಆಮೇಲೆ ವರ್ಗಾವಣೆ, ಮೊಣಕಾಲು ನೋವು, ನಿವೃತ್ತಿ ಅಂತ ಈ ಕಡೆ ಮುಖ ಹಾಕಲಿಲ್ಲ. ಅವರ ಫೋನ್ ನಂಬರ್ ಸಂಗಣ್ಣನ ಹತ್ತಿರ ಇತ್ತು. ಒಮ್ಮೆಯೂ ಮಾಡಲಿಲ್ಲ. ನಾನು ನೆನಪಾದರೆ ಖೋಲಿ ನೆನಪಾಗುತ್ತದೆ, ಖೋಲಿ ನೆನಪಾದರೆ ಅದನ್ನು ಏನಾದರೂ ಮಾಡಬೇಕು ಅನ್ನಿಸುತ್ತದೆ. ಯಾಕೆ ಬೇಕು?

ಇಂಥವನನ್ನು ಮದುವೆಯಾಗಿ ಬಂದವಳು ಗದಿಗೆಮ್ಮ. ಹೊಸ ಸೊಸೆ, ಊರಿನಿಂದ ಅರಿಶಿಣದ ಕಾಲಿನಲ್ಲಿ ಬಂದವಳು, ಗಂಡನ ಮನೆಗೆ ಕಿಟಕಿ ಹತ್ತಿ ಒಳಗೆ ಇಳಿದಳು. ಸೇರು ಒದೆಯುವುದಂತೂ ದೂರವೇ ಉಳಿಯಿತು. ರಂಗೋಲಿಯನ್ನು ಮಂಚದ ಕೆಳಗೆ ಹಾಕಿದಳು. ಒಗ್ಗರಣೆ ಹಾಕಿದರೆ ವಾಸನೆ ಹೋಗುತ್ತದೆ ಅಂದ, ಬಿಟ್ಟಳು. ಹಾಡು ಬೇಡ ಅಂದ, ಬಿಟ್ಟಳು. ಹಬ್ಬದ ದಿನ ಮಂದಿ ಮನೆಮನೆಯ ಕಡೆ ನೋಡುತ್ತಾರೆ ಅಂತ ಹಬ್ಬವನ್ನೇ ಮಾರನೆಯ ದಿನಕ್ಕೆ ದೂಡಿದ. ಅದಕ್ಕೂ ಹೂಂ ಅಂದಳು. ಆದರೆ ರೊಟ್ಟಿಯ ವಿಷಯಕ್ಕೆ ಬಂದಾಗ ಮಾತ್ರ ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಳು.

ಜೋಳದ ರೊಟ್ಟಿಯನ್ನು ಬಡಿಯಬೇಕು. ಬಡಿಯದೆ ಅದು ರೊಟ್ಟಿಯಾಗುವುದಿಲ್ಲ. ಹಲಗೆಯ ಮೇಲೆ ಅಂಗೈ ಬೀಳುವ ಆ ಪಟಪಟ ಸಪ್ಪಳ ಅಡಗಿಸುವುದು ಬ್ರಹ್ಮನಿಂದಲೂ ಆಗದು. ಸಂಗಣ್ಣ ಅನ್ನ ಮಾಡು ಅಂದ. "ಅನ್ನಾ ಉಂಡು ನೀವು ಫ್ಯಾಕ್ಟರ್‍ಯಾಗ ಕಬ್ಬಿಣ ಎತ್ತತೀರೇನ್ರಿ?" ಅಂದಳು. ಹಲಗೆಯ ಕೆಳಗೆ ಕೌದಿ ಹಾಸಿ ಬಡಿ ಅಂದ. ಹಾಸಿದಳು, ಸಪ್ಪಳ ಸ್ವಲ್ಪ ದಪ್ಪಗಾಯಿತೇ ಹೊರತು ಕಡಿಮೆಯಾಗಲಿಲ್ಲ. ಕೆಲವು ವರ್ಷ ಹಾಗೂ ಹೀಗೂ ನಡೆಯಿತು. ಮೆಟ್ರೊ ಕಂಬ ನೆಡುವ ಯಂತ್ರಗಳು ಬಂದಾಗ ಗದಿಗೆಮ್ಮನಿಗೆ ಹಬ್ಬ. ಅವು ನೆಲ ಕೊರೆಯುವಾಗ ಹತ್ತು ಮಂದಿಗೆ ಆಗುವಷ್ಟು ರೊಟ್ಟಿ ಬಡಿದು ಹಾಕಿದರೂ ಕೇಳುವವರಿಲ್ಲ. ಕಂಬ ಮುಗಿದು ರೈಲು ಓಡತೊಡಗಿದ ಮೇಲೆ ಸಂಗಣ್ಣ ಹೊಸ ಕಟ್ಟಳೆ ತಂದ: ರೈಲು ತಲೆಯ ಮೇಲೆ ಹಾಯುವಷ್ಟು ಹೊತ್ತು ಬಡಿಯಬೇಕು, ರೈಲು ಹೋದೊಡನೆ ಕೈ ನಿಲ್ಲಿಸಬೇಕು.

ಒಂದು ರೊಟ್ಟಿಗೆ ಎರಡು ರೈಲು ಬೇಕಾಗುತ್ತಿತ್ತು. ಮಿಯಾಪುರದ ಕಡೆಯಿಂದ ಬಂದದ್ದಕ್ಕೆ ಅರ್ಧ, ಆ ಕಡೆಗೆ ಹೋದದ್ದಕ್ಕೆ ಇನ್ನರ್ಧ. ಮಧ್ಯಾಹ್ನ ರೈಲು ಕಡಿಮೆ, ಅರ್ಧ ಬಡಿದ ರೊಟ್ಟಿಯ ಮುಂದೆ ಕೈಯೆತ್ತಿಕೊಂಡು ಕೂತಿರಬೇಕು. "ನಮ್ಮವ್ವ ರೊಟ್ಟಿ ಬಡದರ ಮೂರು ಮನಿ ಆಚೆ ಕೇಳಸ್ತಿತ್ತು," ಅನ್ನುತ್ತಿದ್ದಳು. "ನಾ ನೋಡಿದರ ನನ್ನ ಹಿಟ್ಟನ್ನ ಕಳ್ಳರಂಗ ಬಡಿಯಾಕತ್ತೀನಿ."

"ಸುಮ್ನಿರು ಗದಿಗಿ, ಖೋಲಿ ಹೋಗತೈತಿ," ಅನ್ನುತ್ತಿದ್ದ ಸಂಗಣ್ಣ. ಈ ಒಂದು ಮಾತಿಗೆ ಆಕೆ ತೆಪ್ಪಗಾಗುತ್ತಿದ್ದಳು. ಖೋಲಿ ಹೋಗುವುದು ಆಕೆಗೂ ಬೇಕಿರಲಿಲ್ಲ.

ಹೋದ ವರ್ಷ ರಾಯರ ಅಣ್ಣನ ಮಗ ಮನೋಜ ಹೈದರಾಬಾದಿಗೆ ಕೆಲಸಕ್ಕೆ ಬಂದ. ಕಾಕಾ ಹೇಳಿದ್ದಾರೆ ಅಂತ ಪ್ಲಾಟು ನೋಡಲು ಎರಡು ಸಲ ಬಂದು ಹೋದ. ಎರಡು ಸಲವೂ ಅವನು ಜಾಲಿ ಮುಳ್ಳು ಸರಿಸಿಕೊಂಡು ಬಾಗಿಲ ತನಕ ಬಂದು, "ಯಾರಿದೀರಿ?" ಅಂತ ಕೂಗಿದ. ಒಳಗೆ ಗಂಡ ಹೆಂಡತಿ ಉಸಿರು ಬಿಗಿಹಿಡಿದು ಕೂತರು. ಮನೋಜ ಬೀಗ ನೋಡಿದ, ಬಲೆ ನೋಡಿದ, ಎರಡರದೂ ಫೋಟೊ ತೆಗೆದು ರಾಯಚೂರಿಗೆ ಕಳಿಸಿದ. ಅವನು ಹೋದ ಮೇಲೆ ಸಂಗಣ್ಣ ಹೆಂಡತಿಯ ಕಡೆ ನೋಡಿ ಗೆದ್ದವರ ಹಾಗೆ ತಲೆಯಾಡಿಸಿದ. ಆ ತಲೆಗೆ ಏನನ್ನೋಣ! ಬಂದವನು ಯಜಮಾನನ ಮನುಷ್ಯ, ಎದ್ದು ಹೋಗಿ ನಮಸ್ಕಾರ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಓಣಿಯಲ್ಲಿ ಜೆಸಿಬಿ ಸದ್ದು ಕೇಳಿಸಿತು. ಗದಿಗೆಮ್ಮ ಹಿಟ್ಟು ನಾದಿ, ಹಲಗೆ ಮುಂದಿಟ್ಟುಕೊಂಡು ರೈಲಿಗೆ ಕಾಯುತ್ತಿದ್ದಳು. ಸಂಗಣ್ಣ ಗೋಡೆಯ ಬಿರುಕಿಗೆ ಕಣ್ಣಿಟ್ಟು ನೋಡಿದ. ಮನೋಜ ಬಂದಿದ್ದ. ಅವನ ಜೊತೆ ಒಬ್ಬ ಆಜಾನುಬಾಹು, ಗಲ್ಲದ ತನಕ ಇಳಿದ ಮೀಸೆ, ಕೈಯಲ್ಲಿ ಲಾಠಿ, ಕೊರಳಲ್ಲಿ ವಿಸಲ್ಲು. ಹೊಸ ವಾಚ್‌ಮನ್. ಅವನು ಗೇಟಿನೊಳಗೆ ಕಾಲಿಟ್ಟವನೇ ಸುಮ್ಮನೆ, ಯಾರಿಗೂ ಅಲ್ಲ, ಒಮ್ಮೆ ಉದ್ದಕ್ಕೆ ವಿಸಲ್ ಊದಿದ. ಇಡೀ ಅಪಾರ್ಟ್‌ಮೆಂಟು ಬಾಲ್ಕನಿಗೆ ಬಂತು.

ಜೆಸಿಬಿ ಜಾಲಿಯನ್ನು ಕೆರೆದು ಒಂದು ಕಡೆ ಗುಡ್ಡೆ ಹಾಕಿತು. ವರ್ಷಗಟ್ಟಲೆ ಬಿಸಿಲು ಕಾಣದ ಬಾಗಿಲ ಮೇಲೆ ಬಿಸಿಲು ಬಿತ್ತು. ಮೀಸೆಯವನು ಲಾಠಿಯಿಂದ ಬೀಗ ಮುರಿದ, ಬಾಗಿಲು ದೂಡಿದ. ಒಳಗೆ ಒಲೆಯ ಮೇಲೆ ಹಂಚು ಕಾದಿದೆ, ಹಿಟ್ಟಿನ ಕೈಯ ಹೆಂಗಸೊಬ್ಬಳು ಕೂತಿದ್ದಾಳೆ, ಮಂಚದ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿವೆ.

"ಅಯ್ಯೋ, ಯಾರೋ ಬಂದು ಸೇರ್ಕೊಂಡಾರಲ್ಲ!" ಅಂದ ಮನೋಜ. "ಏಯ್, ಯಾರ್ರೀ ನೀವು? ಬರ್ರಿ ಹೊರಗ!"

ಸಂಗಣ್ಣ ರಂಗೋಲಿ ಪುಡಿ ಮೆತ್ತಿಕೊಂಡು ಹೊರಬಂದ. "ನಾನ್ರಿ, ಸಂಗಣ್ಣ. ರಾಯರು ಇಟ್ಟ ವಾಚ್‌ಮನ್."

"ಸಂಗಣ್ಣ ಓಡಿಹೋಗಿ ಎಷ್ಟೋ ವರ್ಷ ಆಗೇದ. ಎರಡು ಸಲ ನಾನs ಬಂದು ನೋಡೀನಿ. ಬಲಿ ಕಟ್ಟಿತ್ತು ಬೀಗದ ಮ್ಯಾಲ!"

"ಅದು ನಮ್ಮದs ಜೇಡ ರೀ," ಅಂದ ಸಂಗಣ್ಣ. ಮನೋಜ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

ಆಧಾರ್ ತೋರಿಸು ಅಂದ. ಸಂಗಣ್ಣ ತೋರಿಸಿದ. ಹೆಸರು ಸಂಗಣ್ಣ ಅಂತಲೇ ಇತ್ತು. ವಿಳಾಸ ಮಾತ್ರ ಶಹಾಪುರ ತಾಲೂಕಿನ ಅವನ ಹಳ್ಳಿಯದು. ಇಲ್ಲಿಯ ವಿಳಾಸ ಹಾಕಿಸಿದರೆ ಇಲ್ಲಿಯ ಸರ್ಕಾರದ ಕಣ್ಣಿಗೆ ಬೀಳುತ್ತೇನಲ್ಲ ಅಂತ ಹಾಕಿಸಿರಲಿಲ್ಲ. "ನೋಡ್ರಿ, ನೀವು ಇರೋದು ಊರಾಗ ಅಂತ ಇದರಾಗs ಬರದದ," ಅಂದ ಮನೋಜ. "ಸಂಗಣ್ಣ ಅನ್ನೋರು ನಿಮ್ಮ ಕಡೆ ಓಣಿಗೆ ನಾಕು ಮಂದಿ ಸಿಗತಾರ. ಹೆಸರು ಗೊತ್ತು ಮಾಡ್ಕೊಂಡು ಬಂದು ಕುಂತೀರಿ." ಅವನೇನು ಕೆಟ್ಟವನಲ್ಲ. ಆದರೂ ಒಂದು ಮಾತು ಕೇಳಿಯೇಬಿಡೋಣ ಅಂತ ಬಾಲ್ಕನಿಗಳ ಕಡೆ ಕತ್ತೆತ್ತಿ ಕೂಗಿದ: "ಈ ಮನುಷ್ಯನ್ನ ಇಲ್ಲಿ ಯಾರರೆ ನೋಡೀರೇನ್ರಿ?"

ಎರಡನೇ ಮಹಡಿಯಲ್ಲಿ ಭವಾನಿ ಇದ್ದರು, ಉಡುಪಿ ಕಡೆಯವರು, ಅಪಾರ್ಟ್‌ಮೆಂಟಿನ ಸೆಕ್ರೆಟರಿ. "ಇಲ್ಲ ಮಾರಾಯ್ರೆ! ನಾವು ಬಂದಾಗಿಂದ ಆ ರೂಮಿಗೆ ಬೀಗವೇ. ಒಂದು ನರಪಿಳ್ಳೆಯನ್ನೂ ನೋಡಿದ್ದಿಲ್ಲ." ಮೇಲಿನ ಮಹಡಿಯ ತೆಲುಗಿನವರೊಬ್ಬರು ಕೈಯಲ್ಲಾಡಿಸಿ, "ಎವ್ವರೂ ಲೇರಂಡಿ ಅಕ್ಕಡ," ಅಂದರು. ಯಾರೂ ಇಲ್ಲ. ಮತ್ತೊಬ್ಬರೂ ಇಲ್ಲ ಅಂದರು. ಬಾಲ್ಕನಿ ಬಾಲ್ಕನಿಯೇ ಇಲ್ಲ ಅಂದಿತು.

ಇಲ್ಲಿ ಒಂದು ವಿಚಿತ್ರ ನಡೆಯಿತು. ಹೇಳಿದರೆ ನಗುತ್ತೀರಿ. ಒಬ್ಬೊಬ್ಬರು ನೋಡಿಲ್ಲ ಅಂದಾಗಲೂ ಸಂಗಣ್ಣನ ಎದೆ ಉಬ್ಬುತ್ತ ಹೋಯಿತು. ಇಷ್ಟು ಕಣ್ಣುಗಳ ನಡುವೆ ಇಷ್ಟು ವರ್ಷ! ಮಲ್ಲಪ್ಪ ಇದನ್ನು ನೋಡಬೇಕಿತ್ತು. ತುಟಿಯ ಮೂಲೆಯಲ್ಲಿ ನಗುವೂ ಬಂದುಬಿಟ್ಟಿತು. ಆಗಲೇ ಮೀಸೆಯವನು ಖೋಲಿಯೊಳಗಿಂದ ಅವರ ಕೌದಿ ಎತ್ತಿ ತಂದು ಬಯಲಿಗೆ ಹಾಕಿದ. ನಗು ಅಲ್ಲೇ ಸತ್ತಿತು. ಯಾರೂ ನೋಡಿಲ್ಲ ಅಂದರೆ ನಾನು ಇಲ್ಲಿ ಇರಲೇ ಇಲ್ಲ ಅಂತ ಅರ್ಥ. ಇರಲೇ ಇಲ್ಲದವನಿಗೆ ಖೋಲಿ ಯಾರು ಕೊಡುತ್ತಾರೆ?

"ಗಂಟು ಕಟ್ಕೊಂಡು ನಡೀರಿ. ಪೊಲೀಸರಿಗೆ ಹೇಳಂಗಿಲ್ಲ ನಾನು," ಅಂದ ಮನೋಜ. ಸಂಗಣ್ಣ ಬಾಯಿ ತೆರೆದ. ಜೋರಾಗಿ ಏನಾದರೂ ಹೇಳಬೇಕೆಂದುಕೊಂಡ. ಬಂದದ್ದು ಇಷ್ಟು ವರ್ಷ ರೂಢಿಯಾದ ಪಿಸುಮಾತು.

ಗದಿಗೆಮ್ಮ ಎದ್ದಳು. ರೊಟ್ಟಿಯ ಹಲಗೆ ಎತ್ತಿಕೊಂಡು, ಹಿಟ್ಟಿನ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು, ಮುಂದಿನ ಬಾಗಿಲಿನಿಂದ ಹೊರಗೆ ಬಂದಳು. ಆ ಬಾಗಿಲಿನಿಂದ ಆಕೆ ಹೊರಗೆ ಬಂದದ್ದು ಅದೇ ಮೊದಲು. ಅಂಗಳದ ನಡುವೆ ಹಲಗೆ ಇಟ್ಟು ಕೂತಳು.

"ಏನ್ ಮಾಡಾಕತ್ತೀರವಾ?" ಅಂದ ಮನೋಜ.

"ಹಿಟ್ಟು ನಾದೀನಪಾ. ಚೆಲ್ಲಿ ಹೋಗ್ಲೇನು? ಹೊಂಟವರು ಬುತ್ತಿ ಕಟ್ಕೊಂಡು ಹೊಕ್ಕೀವಿ. ಅಷ್ಟೊತ್ತು ತಡಿ." ಗಂಡನ ಕಡೆ ತಿರುಗಿದಳು. ಕಣ್ಣು ಕೆಂಪಗಾಗಿದ್ದವು. "ಇನ್ನೇನು ಹೋಗೋದೈತ್ರಿ ನಮ್ದು? ಖೋಲಿ ಹೋಗತೈತಿ, ಖೋಲಿ ಹೋಗತೈತಿ ಅಂತ ನನ್ನ ಹಾಡು ಹೋತು, ಒಗ್ಗರಣಿ ಹೋತು, ಹಬ್ಬ ಹೋತು. ಈಗ ಖೋಲೀನೂ ಹೋತು. ಇವತ್ತರ ನಾ ನಮ್ಮವ್ವನಂಗ ರೊಟ್ಟಿ ಬಡೀತೀನಿ. ಯಾರ್ ಬ್ಯಾಡ ಅಂತಾರೋ ನೋಡ್ತೀನಿ!"

ಬಡಿದಳು. ಅಬ್ಬಬ್ಬಾ, ಎಂಥ ಬಡಿತ ಅದು! ಇಪ್ಪತ್ತು ವರ್ಷದ ಸಿಟ್ಟು ಆ ಅಂಗೈಯಲ್ಲಿತ್ತು. ಪಟಪಟ, ಪಟಪಟ, ಪಟಪಟ. ಸದ್ದು ಅಪಾರ್ಟ್‌ಮೆಂಟಿನ ಗೋಡೆಗೆ ಬಡಿದು ಓಣಿಯ ಕೊನೆಯ ತನಕ ಹೋಯಿತು. ಸಂಗಣ್ಣ ಎರಡೂ ಕಿವಿ ಮುಚ್ಚಿಕೊಂಡ.

ಬಾಲ್ಕನಿಯಲ್ಲಿದ್ದ ಭವಾನಿ ಥಟ್ಟನೆ ತಲೆಯೆತ್ತಿ ಹಳಿಯ ಕಡೆ ನೋಡಿದರು. ಹಳಿ ಖಾಲಿಯಿತ್ತು. ಮತ್ತೆ ಅಂಗಳ ನೋಡಿದರು. "ಅಯ್ಯಯ್ಯೋ!" ಅಂತ ಒಂದು ಕಿರುಚಾಟ. ಚಪ್ಪಲಿಯನ್ನೂ ಹಾಕದೆ ಮೆಟ್ಟಿಲಿಳಿದು ಓಡಿಬಂದರು. "ನಿಲ್ಲಿಸಿ! ಅಲ್ಲ, ನಿಲ್ಲಿಸಬೇಡಿ, ಇನ್ನೊಮ್ಮೆ ಮಾಡಿ! ಇದೇ ಸದ್ದು!"

"ಯಾವ ಸದ್ದು?" ಅಂದ ಮನೋಜ.

"ಟ್ರೇನಿನ ಸದ್ದು ಮಾರಾಯ್ರೆ! ಟ್ರೇನ್ ಬಂದಾಗಲೆಲ್ಲ ಪಟಪಟ ಅಂತದೆ, ಟ್ರೇನ್ ಹೋದ ಕೂಡಲೇ ನಿಲ್ತದೆ. ಕಂಬದೊಳಗೆ ಏನೋ ಸಡಿಲ ಆಗಿದೆ ಅಂತ ನಾವು ಎಷ್ಟು ಮೀಟಿಂಗ್ ಮಾಡಿದ್ದೇವೆ ಗೊತ್ತುಂಟಾ? ಕಂಪ್ಲೇಂಟ್ ಕೊಟ್ಟೆವು. ಹೆಲ್ಮೆಟ್ ಹಾಕಿಕೊಂಡವರು ಬಂದು ಕಂಬಕ್ಕೆ ಕಿವಿ ಇಟ್ಟು, ಏನೂ ಇಲ್ಲ ಅಂತ ಹೋದರು. ಅವರಿಗೆ ಕಿವಿ ಸರಿ ಇಲ್ಲ ಅಂದೆವು. ಐದನೇ ಮಹಡಿಯವರು ಹೆದರಿ ಫ್ಲ್ಯಾಟ್ ಮಾರಿ ಶಂಶಾಬಾದಿಗೆ ಹೋದರು!" ಅವರು ಗದಿಗೆಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ರೊಟ್ಟಿಯನ್ನು ದಿಟ್ಟಿಸಿದರು. "ನೀವಾ ಅಮ್ಮ? ಅಷ್ಟು ವರ್ಷದಿಂದ ನೀವಾ?"

"ನಾನs ರೀ," ಅಂದಳು ಗದಿಗೆಮ್ಮ, ಕೈ ನಿಲ್ಲಿಸದೆ.

ಮೇಲಿನ ಬಾಲ್ಕನಿಗಳಲ್ಲಿ ಗುಲ್ಲೆದ್ದಿತು. ಹೌದು, ಅದೇ ಸದ್ದು ಅಂದರು. ರೈಲು ಶುರುವಾದಾಗಿನಿಂದ ಕೇಳುತ್ತಿದ್ದೇವೆ ಅಂದರು. ಯಾರೋ ಒಬ್ಬರು, ಹಾಗಾದರೆ ನಮ್ಮ ಕಂಬ ಗಟ್ಟಿ ಇದೆ ಅಂತ ಚಪ್ಪಾಳೆ ತಟ್ಟಿದರು. ಮನೋಜ ತಲೆ ಕೆರೆದುಕೊಂಡ. ತಾನು ಬೀಗದ ಫೋಟೊ ತೆಗೆದಾಗಲೂ ಇವರು ಒಳಗೇ ಇದ್ದರು ಅಂತಾಯಿತು. ಇದ್ದದ್ದೇನೋ ನಿಜ. ಆದರೆ ಕಾಕಾ ಇಟ್ಟ ಸಂಗಣ್ಣ ಇವನೇ ಅನ್ನುವುದಕ್ಕೆ ಏನಿದೆ? ಅವನು ಫೋನ್ ತೆಗೆದು ರಾಯಚೂರಿಗೆ ವಿಡಿಯೊ ಕಾಲ್ ಮಾಡಿದ.

ಪರದೆಯ ಮೇಲೆ ಬೋಳುತಲೆಯ, ದಪ್ಪ ಕನ್ನಡಕದ ಒಬ್ಬ ಮುದುಕರು ಕಾಣಿಸಿಕೊಂಡರು. ಸಂಗಣ್ಣನಿಗೆ ಮೊದಲು ಗುರುತು ಸಿಗಲಿಲ್ಲ. ದನಿ ಕೇಳಿದ ಮೇಲೆ, ಅಯ್ಯೋ ನಮ್ಮ ರಾಯರು ಅನ್ನಿಸಿತು. ಮನೋಜ ಫೋನನ್ನು ಅವನ ಮುಖಕ್ಕೆ ಹಿಡಿದ. ಸಂಗಣ್ಣನ ಕತ್ತು ರೂಢಿಯಂತೆ ತಾನಾಗಿಯೇ ಆ ಕಡೆ ತಿರುಗಿಕೊಂಡಿತು. "ಇತ್ತ ನೋಡ್ರಿ," ಅಂತ ಮನೋಜ ಗದರಿದ ಮೇಲೆ ತಿರುಗಿದ.

ರಾಯರು ಕನ್ನಡಕ ಮೇಲೆ ಕೆಳಗೆ ಮಾಡಿ ಬಹಳ ಹೊತ್ತು ನೋಡಿದರು. "ಅಲ್ಲೋ ಮನೋಜ," ಅಂದರು. "ಇವನಲ್ಲ. ನಾ ಇಟ್ಟಿದ್ದು ಒಬ್ಬ ಹುಡುಗನ್ನ. ಕರೀ ಮೀಸಿ, ನೆಟ್ಟಗ ಇದ್ದ, ಹಲ್ಲು ಫಳಫಳ ಅಂತಿದ್ದವು. ಇವ ಯಾವನೋ ಮುದುಕ ಇದ್ದಾನಲ್ಲ."

ಬೈದಿದ್ದರೆ ಸಂಗಣ್ಣ ಕಾಲು ಹಿಡಿಯುತ್ತಿದ್ದ. ಕಳ್ಳ ಅಂದಿದ್ದರೆ ಆಣೆ ಮಾಡುತ್ತಿದ್ದ. ಆದರೆ ರಾಯರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಆ ಹುಡುಗ ಎಲ್ಲಿ ಹೋದ? ಯಾವಾಗ ಹೋದ? ಒಬ್ಬರೂ ನೋಡಿರಲಿಲ್ಲ. ಅವನು ಕೈಯೆತ್ತಿ ತನ್ನ ಗಲ್ಲವನ್ನು ತಾನೇ ಮುಟ್ಟಿ ನೋಡಿಕೊಂಡ.

ಗದಿಗೆಮ್ಮನ ಕೈ ನಿಂತಿತು. ಎದ್ದು ಬಂದು, ಹಿಟ್ಟಿನ ಕೈಯಲ್ಲೇ ಮನೋಜನಿಂದ ಫೋನ್ ಕಸಿದುಕೊಂಡಳು.

"ಸಾಹೇಬ್ರ, ಆ ಹುಡುಗನs ಇವರು," ಅಂದಳು. "ನಾ ಬಂದಾಗ ಮೀಸಿ ಕರ್‍ರಗs ಇತ್ತ್ರಿ. ಮೊದಲು ಈ ಎಡಗಡೆ ಒಂದು ಕೂದಲ ಬೆಳ್ಳಗಾತು, ನಾನs ಕಿತ್ತು ಒಗದೆ. ಮರುವರ್ಷ ನಾಕು ಬಂದುವು, ಬಿಟ್ಟೆ. ಈ ಹಲ್ಲು ಫ್ಯಾಕ್ಟರ್‍ಯಾಗ ಸರಳು ಬಡಿದು ಹೋತು, ಅವತ್ತು ಅಂಬಲಿ ಕಾಸಿ ಕುಡಿಸೀನಿ. ಹಣೀ ಮ್ಯಾಲಿನ ಈ ಕಲೆ ಕಿಟಕಿ ಬಡಿದದ್ದು. ದಿನಾ ಆ ಕಿಟಕ್ಯಾಗ ಬಗ್ಗಿ ಬಗ್ಗಿ ಬೆನ್ನು ಹಿಂಗ ಆತ್ರಿ, ಒಂದs ದಿನಕ್ಕ ಆಗಿಲ್ಲ. ನೀವು ನೋಡಲಿಲ್ಲ. ಈ ಮ್ಯಾಲ ನಿಂತವರು ಯಾರೂ ನೋಡಲಿಲ್ಲ. ಯಾರಿಗೂ ಕಾಣಬಾರದು ಅಂತ ಇವರs ಹಂಗ ಬದುಕಿದ್ರು. ಆದರ ನಾ ನೋಡೀನಿ. ಅಷ್ಟೂ ವರ್ಷ ದಿನಾ ನೋಡೀನ್ರಿ."

ರಾಯರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. "ನಿನ್ನ ಹೆಸರೇನವಾ?"

"ಗದಿಗೆಮ್ಮ ಅಂತಾರ್ರಿ."

"ಗದಿಗೆಮ್ಮಾ, ಅವನ ಮಾರಿ ಇನ್ನೊಮ್ಮೆ ತೋರ್ಸು."

ಆಕೆ ಗಂಡನ ಗದ್ದ ಹಿಡಿದು ಬಿಸಿಲಿನ ಕಡೆ ಎತ್ತಿದಳು. ಅವನ ಗಲ್ಲಕ್ಕೆ ಹಿಟ್ಟು ಮೆತ್ತಿತು.

"ಹೌದು," ಅಂದರು ರಾಯರು. "ಹೌದು ಬಿಡು, ಅವನs. ಅಲ್ಲೋ ಸಂಗಣ್ಣ, ಇಷ್ಟು ಮುದುಕ ಆಗೀಯಲ್ಲೋ. ನಾನೂ ಆಗೀನಿ." ಆಮೇಲೆ ದನಿ ಸ್ವಲ್ಪ ಬಿಗಿಯಾಯಿತು. "ಮನೋಜ, ಆ ಸಾಮಾನು ಒಳಗ ಇಡಸು. ಇವರು ಅಲ್ಲೇ ಇರತಾರ."

ಮೀಸೆಯವನು ಸುಮ್ಮನೆ ಕೌದಿ ಎತ್ತಿ, ಮಣ್ಣು ಕೊಡವಿ, ಒಳಗೆ ತೆಗೆದುಕೊಂಡು ಹೋದ.

ಸಂಗಣ್ಣ ಅಳತೊಡಗಿದ. ಬಿಕ್ಕಳಿಕೆಯಲ್ಲ, ಬಾಯಿಗೆ ಬಟ್ಟೆ ಒತ್ತಿಕೊಂಡ ಅಳುವಲ್ಲ, ಎಮ್ಮೆ ಕೂಗಿದ ಹಾಗೆ ದೊಡ್ಡ ದನಿ ತೆಗೆದು ಅತ್ತ. ಬಾಲ್ಕನಿಗಳ ತುಂಬ ಮಂದಿ ಬಗ್ಗಿ ನೋಡುತ್ತಿದ್ದರು. ಓಣಿಯಲ್ಲಿ ಹೋಗುತ್ತಿದ್ದವರು ಗೇಟಿನ ಹತ್ತಿರ ನಿಂತರು. ಅಡಗಿಕೊಳ್ಳಲು ಜಾಲಿ ಇರಲಿಲ್ಲ, ಅವನು ಹುಡುಕಲೂ ಇಲ್ಲ.

"ಇಷ್ಟು ಮಂದಿ ನೋಡಾಕತ್ತಾರ ಗದಿಗಿ," ಅಂದ ಅಳುತ್ತಲೇ.

"ನೋಡ್ಲಿ ಬಿಡ್ರಿ," ಅಂದಳು ಗದಿಗೆಮ್ಮ.